ಶಾಲೆಯ ಬ್ಯಾಂಡ್‌ನಿಂದ ಒಂಟಿ ಲ್ಯಾಪ್‌ಟಾಪ್‌ವರೆಗೆ: ಫೋರ್ ಟೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನ ಸಂಗೀತಗಾರ ಕೀರನ್ ಹೆಬ್ಡನ್ 'ಫೋರ್ ಟೆಟ್' ಎಂಬ ಹೆಸರಿನಲ್ಲಿ ಸಂಗೀತ ಮಾಡುತ್ತಾರೆ. ಅವರ ಬಗ್ಗೆ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ ಮತ್ತು ಓದುಗರು ಪತ್ರಗಳಲ್ಲಿ ಎತ್ತುವ ಪ್ರಶ್ನೆಗಳು ಇಲ್ಲಿವೆ. ಹೊಸದಾಗಿ ಕೇಳುವವರ ಪ್ರಶ್ನೆಗಳು ಮೊದಲು ಬರುತ್ತವೆ. ಸಂಗೀತವನ್ನೇ ಕಸುಬು ಮಾಡಿಕೊಳ್ಳಲು ಹೊರಟವರ ಪ್ರಶ್ನೆಗಳು ಕೊನೆಯಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಫೋರ್ ಟೆಟ್ ಎಂದರೆ ನಾಲ್ವರ ತಂಡವಲ್ಲವೇ?

ಅಲ್ಲ, ಅದು ಒಬ್ಬರೇ. ಕೀರನ್ ಹೆಬ್ಡನ್ 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಬೆಳೆದದ್ದು ನಗರದ ನೈಋತ್ಯ ಭಾಗದ ಪಟ್ನಿಯಲ್ಲಿ. ತಂದೆ ಬ್ರಿಟಿಷರು, ಸಮಾಜಶಾಸ್ತ್ರದ ಅಧ್ಯಾಪಕರು. ತಾಯಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಹಾಗಾಗಿ ಎರಡು ಕಡೆಯ ಸಂಗೀತವೂ ಅವರಿಗೆ ಮನೆಯಲ್ಲೇ ಸಿಕ್ಕಿತು. ಅವರು ಓದಿದ ಎಲಿಯಟ್ ಶಾಲೆಯ ಹೆಸರು ಬ್ರಿಟಿಷ್ ಸಂಗೀತದ ಚರಿತ್ರೆಯಲ್ಲಿ ಬೇರೆ ಕಾರಣಕ್ಕೂ ಬರುತ್ತದೆ. ಹಾಟ್ ಚಿಪ್ ತಂಡದ ಸದಸ್ಯರು, 'ದಿ ಎಕ್ಸ್‌ಎಕ್ಸ್' ತಂಡದವರು ಮತ್ತು ಬರಿಯಲ್ ಎಂಬ ಹೆಸರಿನ ಸಂಗೀತ ನಿರ್ಮಾಪಕ ಎಲ್ಲರೂ ಅದೇ ಶಾಲೆಯವರು. ಒಂದು ಸರ್ಕಾರಿ ಶಾಲೆಯಿಂದ ಇಷ್ಟು ಜನ ಹೊರಬಂದದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಮೊದಲು ಅವರು ಯಾವುದೋ ಬ್ಯಾಂಡ್‌ನಲ್ಲಿ ಇದ್ದರಂತೆ, ಅದರ ಕಥೆ ಏನು?

ಆ ಬ್ಯಾಂಡಿನ ಹೆಸರು ಫ್ರಿಜ್. ಶಾಲೆಯ ಗೆಳೆಯರಾದ ಅಡೆಮ್ ಇಲ್ಹಾನ್ ಮತ್ತು ಸ್ಯಾಮ್ ಜೆಫರ್ಸ್ ಜೊತೆ ಸೇರಿ ಹೆಬ್ಡನ್ ಅದನ್ನು ಕಟ್ಟಿದರು. ಹೆಬ್ಡನ್ ಗಿಟಾರ್, ಅಡೆಮ್ ಬಾಸ್, ಸ್ಯಾಮ್ ಡ್ರಮ್ಸ್ ಎಂಬುದು ಹೆಸರಿಗಷ್ಟೇ ಇದ್ದ ವಿಂಗಡಣೆ. ಕೈಗೆ ಸಿಕ್ಕ ಯಾವ ವಾದ್ಯವನ್ನಾದರೂ ನುಡಿಸಿ ನೋಡುವ ತಂಡ ಅದು. ಹಾಡುಗಾರ ಇರಲಿಲ್ಲ, ಸಾಹಿತ್ಯವೂ ಇಲ್ಲ ಎನ್ನುವಷ್ಟು ಕಡಿಮೆ. ರಾಕ್ ವಾದ್ಯಗಳನ್ನು ಇಟ್ಟುಕೊಂಡು ರಾಕ್ ಅಲ್ಲದ್ದನ್ನು ಮಾಡುವ, 'ಪೋಸ್ಟ್ ರಾಕ್' ಎಂದು ಕರೆಯಲಾದ ಹಾದಿಯಲ್ಲಿ ಅವರು ನಡೆದರು. ಟ್ರೆವರ್ ಜಾಕ್ಸನ್ ನಡೆಸುತ್ತಿದ್ದ ಔಟ್‌ಪುಟ್ ಎಂಬ ಸಣ್ಣ ಲೇಬಲ್ (ರೆಕಾರ್ಡ್ ಕಂಪನಿ) 1997ರಲ್ಲಿ ಅವರ ಮೊದಲ ಆಲ್ಬಂ 'ಸೀಫ್ಯಾಕ್ಸ್' ಹೊರತಂದಿತು. ಆಗ ಹೆಬ್ಡನ್‌ಗೆ ಇನ್ನೂ 20 ತುಂಬಿರಲಿಲ್ಲ.

ಈ ತಂಡದ ಸ್ವಭಾವ ತಿಳಿಯಬೇಕೆಂದರೆ 2001ರ 'ಹ್ಯಾಪಿನೆಸ್' ಆಲ್ಬಂನ ರಚನೆಗಳ ಹೆಸರುಗಳನ್ನು ನೋಡಿದರೆ ಸಾಕು. ಒಂದರ ಹೆಸರು 'ಮೆಲೋಡಿಕಾ ಮತ್ತು ಟ್ರೊಂಬೋನ್', ಇನ್ನೊಂದರದು 'ಡ್ರಮ್ ಮಷಿನ್ ಮತ್ತು ಗ್ಲಾಕೆನ್‌ಸ್ಪೀಲ್', ಮತ್ತೊಂದರದು 'ಕತ್ತರಿಸಿದ ಪಿಯಾನೋ ಮತ್ತು ಜೈಲೋಫೋನ್'. ಯಾವ ನಾದವನ್ನು ಯಾವ ನಾದದ ಪಕ್ಕದಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬ ಕುತೂಹಲವೇ ಅವರಿಗೆ ವಿಷಯವಾಗಿತ್ತು. ಹೆಬ್ಡನ್ ಮುಂದೆ ಒಬ್ಬರೇ ಮಾಡಿದ್ದೆಲ್ಲ ಇದೇ ಕುತೂಹಲದಿಂದ ಹುಟ್ಟಿದ್ದು ಎಂದು ನಾನು ನಂಬುತ್ತೇನೆ.

ಬ್ಯಾಂಡ್ ಒಡೆದುಹೋದ ಮೇಲೆ ಒಂಟಿಯಾಗಿ ಶುರು ಮಾಡಿದರೇ?

ಹಾಗಲ್ಲ. ಫ್ರಿಜ್ ಚುರುಕಾಗಿದ್ದಾಗಲೇ, 1998ರಲ್ಲಿ, ಫೋರ್ ಟೆಟ್ ಹೆಸರಿನ ಮೊದಲ ರೆಕಾರ್ಡ್ ಬಂತು. ಅದರಲ್ಲಿ ಇದ್ದದ್ದು ಒಂದೇ ರಚನೆ, ಅದರ ಹೆಸರು 'ಥರ್ಟಿಸಿಕ್ಸ್‌ಟ್ವೆಂಟಿಫೈವ್', ಉದ್ದ 36 ನಿಮಿಷ 25 ಸೆಕೆಂಡ್. ಮರುವರ್ಷ 'ಡಯಲಾಗ್' ಎಂಬ ಆಲ್ಬಂ ಬಂತು. ಅದರಲ್ಲಿ ಜಾಝ್ ಡ್ರಮ್ಸ್‌ನ ತುಣುಕುಗಳದೇ ಕಾರುಬಾರು. ಫ್ರಿಜ್ ಇದಾದ ನಂತರವೂ ಆಲ್ಬಂ ಮಾಡಿತು, ಕೊನೆಯದು 2007ರ 'ದಿ ಸನ್'. ಅಡೆಮ್ ತಮ್ಮ ಹೆಸರಿನಲ್ಲಿ ಹಾಡುಗಾರರಾದರು. ಜಗಳವಾಡಿ ಬೇರೆಯಾದ ಕಥೆ ಇಲ್ಲಿ ಇಲ್ಲ. ಮೂವರು ಸೇರಿ ಮಾಡುವ ಕೆಲಸ ಒಂದು, ಒಬ್ಬರೇ ರಾತ್ರಿ ಕುಳಿತು ಮಾಡುವ ಕೆಲಸ ಇನ್ನೊಂದು. ಎರಡನೆಯದು ನಿಧಾನವಾಗಿ ದೊಡ್ಡದಾಯಿತು, ಅಷ್ಟೇ.

ಯಾವುದರಿಂದ ಕೇಳಲು ಶುರು ಮಾಡಲಿ?

ನನ್ನನ್ನು ಕೇಳಿದರೆ 2003ರ 'ರೌಂಡ್ಸ್'. ಆಮೇಲೆ 2010ರ 'ದೇರ್ ಈಸ್ ಲವ್ ಇನ್ ಯು'. ಹಿಂದೂಸ್ತಾನಿ, ಕರ್ನಾಟಕ ಸಂಗೀತದ ಕಿವಿ ಇರುವವರು ನೇರವಾಗಿ 2015ರ 'ಮಾರ್ನಿಂಗ್/ಈವ್ನಿಂಗ್' ಹಿಡಿಯಬಹುದು. ಇತ್ತೀಚಿನದು ಬೇಕೆಂದರೆ 2024ರ 'ತ್ರೀ' ಇದೆ, ಅದರಲ್ಲಿ ಹಳೆಯ ಮೃದುತನ ಮತ್ತು ಹೊಸ ಲಯ ಎರಡೂ ಇವೆ. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ತಗ್ಗು ಸ್ಥಾಯಿಯ ಅರ್ಧದಷ್ಟು ಕೆಲಸ ಕಿವಿಗೆ ಬೀಳುವುದೇ ಇಲ್ಲ.

## ಸಂಗೀತದ ಒಳಗೆ

ಕಂಪ್ಯೂಟರಿನಲ್ಲಿ ಗುಂಡಿ ಒತ್ತುವುದನ್ನು ವಾದನ ಎನ್ನಬಹುದೇ? ನಮ್ಮ ಮನೆಯಲ್ಲಿ ಅಪ್ಪ ಒಪ್ಪುವುದೇ ಇಲ್ಲ.

ಅಪ್ಪನವರಿಗೆ ಸ್ಟೀವ್ ರೀಡ್ ಜೊತೆಗಿನ ರೆಕಾರ್ಡುಗಳನ್ನು ಕೇಳಿಸಿ. ರೀಡ್ 1944ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜಾಝ್ ಡ್ರಮ್ಸ್ ವಾದಕರು. ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ನುಡಿಸಿದವರು, ಫೆಲಾ ಕುಟಿ, ಸನ್ ರಾ, ಮೈಲ್ಸ್ ಡೇವಿಸ್ ಅವರಂಥವರ ಜೊತೆ ಕೆಲಸ ಮಾಡಿದವರು. ಹೆಬ್ಡನ್‌ಗಿಂತ 30 ವರ್ಷಕ್ಕೂ ಹಿರಿಯರು. ಅಂಥವರು ಒಂದು ಕಡೆ ಡ್ರಮ್ಸ್ ಮುಂದೆ, ಹೆಬ್ಡನ್ ಇನ್ನೊಂದು ಕಡೆ ಕಂಪ್ಯೂಟರ್ ಮುಂದೆ ಕುಳಿತರು. 2006ರಲ್ಲಿ ಎರಡು ಭಾಗಗಳಲ್ಲಿ ಬಂದ 'ದಿ ಎಕ್ಸ್‌ಚೇಂಜ್ ಸೆಷನ್' ಆಲ್ಬಂಗಳನ್ನು ನೇರವಾಗಿ ನುಡಿಸುತ್ತಲೇ ಮುದ್ರಿಸಿಕೊಳ್ಳಲಾಯಿತು. ಮೇಲಿನಿಂದ ಏನನ್ನೂ ಸೇರಿಸಲಿಲ್ಲ, ಕತ್ತರಿ ಹಾಕಲಿಲ್ಲ.

ಕೇಳುತ್ತಾ ಹೋದರೆ ನಮ್ಮ ಕಚೇರಿಗಳಲ್ಲಿ ತನಿ ಆವರ್ತನದ ಹೊತ್ತಿಗೆ ಮೃದಂಗ ಮತ್ತು ಘಟದ ನಡುವೆ ನಡೆಯುವ ಮಾತುಕತೆ ನೆನಪಾಗುತ್ತದೆ. ರೀಡ್ ಲಯ ಬದಲಿಸುತ್ತಾರೆ, ಹೆಬ್ಡನ್ ಅದನ್ನು ಗಮನಿಸಿ ತಮ್ಮ ನಾದದ ಪದರವನ್ನು ತೆಳ್ಳಗೆ ಮಾಡುತ್ತಾರೆ. ಹೆಬ್ಡನ್ ಒಂದು ಕರ್ಕಶ ಸದ್ದನ್ನು ಎಸೆಯುತ್ತಾರೆ, ರೀಡ್ ಸಿಂಬಲ್‌ನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಎದುರಿಗಿರುವವನನ್ನು ಕೇಳಿಸಿಕೊಂಡು ಆ ಕ್ಷಣದಲ್ಲಿ ನಿರ್ಧಾರ ತೆಗೆದುಕೊಳ್ಳುವುದು ವಾದನ ಎಂದಾದರೆ, ಇದು ವಾದನವೇ. 2010ರಲ್ಲಿ ರೀಡ್ ತೀರಿಕೊಳ್ಳುವವರೆಗೆ ಈ ಜೋಡಿಯಿಂದ ಇನ್ನೆರಡು ಆಲ್ಬಂ ಬಂದವು, 2007ರ 'ಟಂಗ್ಸ್' ಮತ್ತು 2008ರ 'ಎನ್‌ವೈಸಿ'. ಈ ರೆಕಾರ್ಡುಗಳಿಗೆ ಸಿಗಬೇಕಾದಷ್ಟು ಕೇಳುಗರು ಸಿಕ್ಕಿಲ್ಲ ಎಂಬ ಕೊರಗು ನನಗಿದೆ.

ಯಾವ ಸಲಕರಣೆ, ಯಾವ ಸಾಫ್ಟ್‌ವೇರ್ ಬಳಸುತ್ತಾರೆ?

'ರೌಂಡ್ಸ್' ಹೊತ್ತಿಗೆ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್, ಅದರಲ್ಲಿ ಆಡಿಯೋಮಲ್ಚ್ ಮತ್ತು ಕೂಲ್ ಎಡಿಟ್ ಪ್ರೋ ಎಂಬ ಎರಡು ಸಾಫ್ಟ್‌ವೇರ್. ಈಚೆಗೆ ಏಬಲ್‌ಟನ್ ಲೈವ್. 2017ರಲ್ಲಿ 'ನ್ಯೂ ಎನರ್ಜಿ' ಬಂದಾಗ ಆ ಆಲ್ಬಂ ತಯಾರಾದ ಜಾಗದ ಚಿತ್ರವನ್ನು ಅವರೇ ಹಂಚಿಕೊಂಡರು. ಒಂದು ಮೇಜು, ಲ್ಯಾಪ್‌ಟಾಪ್, ಚಿಕ್ಕ ಕೀಬೋರ್ಡ್, ಸ್ಪೀಕರುಗಳು. ಲಕ್ಷಗಟ್ಟಲೆ ಹಣ ಸುರಿದು ಸ್ಟುಡಿಯೋ ಕಟ್ಟಬೇಕೆಂದು ಕಾಯುತ್ತಿರುವವರು ಆ ಚಿತ್ರವನ್ನು ನೋಡಲೇಬೇಕು.

'ಫೋಕ್‌ಟ್ರಾನಿಕಾ' ಎಂದು ಎಲ್ಲ ಕಡೆ ಬರೆದಿರುತ್ತಾರೆ. ಹಾಗೆಂದರೇನು?

2001ರಲ್ಲಿ ಡೊಮಿನೋ ಲೇಬಲ್‌ನಿಂದ ಬಂದ 'ಪಾಸ್' ಆಲ್ಬಂನಲ್ಲಿ ಅಕೌಸ್ಟಿಕ್ ಗಿಟಾರ್, ಹಾರ್ಪ್, ಗಂಟೆಗಳಂಥ ಮೃದು ನಾದಗಳ ಕೆಳಗೆ ಹಿಪ್‌ಹಾಪ್ ಮಾದರಿಯ ತಾಳ ಓಡುತ್ತಿತ್ತು. ಜಾನಪದದ ಛಾಯೆ ಮತ್ತು ಎಲೆಕ್ಟ್ರಾನಿಕ್ ತಾಳ ಎರಡನ್ನೂ ಸೇರಿಸಿ ಪತ್ರಿಕೆಗಳು ಈ ಹೆಸರು ಹೊಸೆದವು. ಹೆಬ್ಡನ್‌ಗೆ ಆ ಹಣೆಪಟ್ಟಿ ಇಷ್ಟವಾಗಲಿಲ್ಲ. 2005ರ 'ಎವೆರಿಥಿಂಗ್ ಎಕ್ಸ್‌ಟ್ಯಾಟಿಕ್' ಬೇಕೆಂದೇ ಒರಟಾಗಿ, ಡ್ರಮ್ಸ್ ಗದ್ದಲದಿಂದ ತುಂಬಿಕೊಂಡು ಬಂತು.

ಹೆಸರಿನ ಗೊಡವೆ ಬಿಟ್ಟು ಕೆಲಸವನ್ನೇ ನೋಡುವುದು ಒಳ್ಳೆಯದು. 'ರೌಂಡ್ಸ್' ಬಹುತೇಕ ಸ್ಯಾಂಪಲ್‌ಗಳಿಂದ, ಅಂದರೆ ಬೇರೆ ರೆಕಾರ್ಡುಗಳಿಂದ ಕತ್ತರಿಸಿ ತೆಗೆದ ತುಣುಕುಗಳಿಂದ, ಕಟ್ಟಿದ ಆಲ್ಬಂ. 200ರಿಂದ 300 ರೆಕಾರ್ಡುಗಳಿಂದ ಚೂರು ಚೂರು ನಾದ ತೆಗೆದು ಹೆಣೆದದ್ದು. ಒಂದು ತಂತಿಯ ಮೀಟು ಒಂದು ರೆಕಾರ್ಡಿನದು, ಅದರ ಪಕ್ಕದ ಸಿಂಬಲ್ ಸದ್ದು ಬೇರೆ ದೇಶದ, ಬೇರೆ ದಶಕದ ಇನ್ನೊಂದರದು. ಕೇಳುವವರಿಗೆ ಮಾತ್ರ ಒಂದೇ ಕೋಣೆಯಲ್ಲಿ ಕುಳಿತ ಒಂದು ತಂಡ ನುಡಿಸಿದಂತೆ ಅನ್ನಿಸುತ್ತದೆ. ತಂಡದಲ್ಲಿ ಪಳಗಿದ ಕಿವಿ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ಡ್ರಮ್ಸ್ ನುಡಿಸುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಗಿಟಾರ್ ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಫ್ರಿಜ್ ದಿನಗಳಿಂದಲೇ ಗೊತ್ತಿತ್ತು.

ಹಳೆಯ ಮೃದು ಸಂಗೀತವೇ ಚೆನ್ನಾಗಿತ್ತು. ಕ್ಲಬ್ಬಿನ ಕುಣಿತದ ಕಡೆಗೆ ಯಾಕೆ ಹೋದರು?

ಅದಕ್ಕೆ ಒಂದು ಜಾಗ ಕಾರಣ. ಲಂಡನ್ನಿನ ಶೋರ್ಡಿಚ್‌ನಲ್ಲಿ 'ಪ್ಲಾಸ್ಟಿಕ್ ಪೀಪಲ್' ಎಂಬ ನೆಲಮಾಳಿಗೆಯ ಪುಟ್ಟ ಕ್ಲಬ್ ಇತ್ತು. ಕತ್ತಲ ಕೋಣೆ, ಅತ್ಯುತ್ತಮ ಧ್ವನಿವ್ಯವಸ್ಥೆ. ಹೆಬ್ಡನ್ ಅಲ್ಲಿ ನಿಯಮಿತವಾಗಿ ಡಿಜೆ ಆಗಿ ರೆಕಾರ್ಡು ನುಡಿಸತೊಡಗಿದರು. ಮನೆಯಲ್ಲಿ ಮಾಡಿದ ಹೊಸ ರಚನೆಯನ್ನು ಅಲ್ಲಿ ಹಾಕಿ, ಜನರ ಮೈ ಎಲ್ಲಿ ಕದಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಮನೆಗೆ ಹೋಗಿ ತಿದ್ದುವುದು. 'ದೇರ್ ಈಸ್ ಲವ್ ಇನ್ ಯು' ಹುಟ್ಟಿದ್ದು ಹೀಗೆ. ಆ ಕ್ಲಬ್ 2015ರ ಆರಂಭದಲ್ಲಿ ಮುಚ್ಚಿಹೋಯಿತು.

ಮೃದುತನ ಹೋಯಿತು ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಆ ಆಲ್ಬಂನ ಗಂಟೆನಾದಗಳನ್ನು, ಅಕ್ಷರಗಳಷ್ಟೇ ಉಳಿಯುವಂತೆ ಕತ್ತರಿಸಿದ ಹೆಣ್ಣುದನಿಗಳನ್ನು ಕೇಳಿ. ಕೆಳಗೆ ಸ್ಥಿರವಾದ ತಾಳ ಬಂದು ಕೂತಿದೆ, ಮೇಲಿನ ಕೋಮಲತೆ ಹಾಗೆಯೇ ಇದೆ.

ಲತಾ ಮಂಗೇಶ್ಕರ್ ಅವರ ದನಿ ಬರುವ ಆಲ್ಬಂ ಇವರದೇನಾ? ಅದರ ಹಿನ್ನೆಲೆ ತಿಳಿಸಿ.

ಹೌದು, ಇವರದೇ. 2015ರ ಜೂನ್‌ನಲ್ಲಿ ಬಂದ 'ಮಾರ್ನಿಂಗ್/ಈವ್ನಿಂಗ್'. ಅದರಲ್ಲಿ ಇರುವುದು ಎರಡೇ ರಚನೆ, ಬೆಳಗಿನದೊಂದು, ಸಂಜೆಯದೊಂದು, ತಲಾ ಸುಮಾರು 20 ನಿಮಿಷ. ಬೆಳಗಿನ ಭಾಗದಲ್ಲಿ ಬರುವುದು 1983ರ ಹಿಂದಿ ಚಿತ್ರ 'ಸೌತನ್'ಗಾಗಿ ಉಷಾ ಖನ್ನಾ ಅವರ ಸಂಗೀತದಲ್ಲಿ ಲತಾ ಹಾಡಿದ ಗೀತೆಯ ತುಣುಕು. ಹೆಬ್ಡನ್‌ಗೆ ತಾಯಿಯ ಕಡೆಯ ತಾತನಿಂದ ಹಿಂದೂ ಭಕ್ತಿಸಂಗೀತದ ರೆಕಾರ್ಡುಗಳು ಬಂದಿದ್ದವು. ಆ ರೆಕಾರ್ಡುಗಳನ್ನು ಕೇಳುತ್ತಾ ಕೇಳುತ್ತಾ ತಾಯಿಯ ಮನೆತನದ ಸಂಗೀತದ ಕಡೆಗೆ ಅವರು ತಿರುಗಿದರು.

ಪಾಶ್ಚಾತ್ಯ ನಿರ್ಮಾಪಕರು ಹಿಂದಿ ಹಾಡಿನ ತುಣುಕು ಬಳಸಿದ್ದು ಇದೇ ಮೊದಲಲ್ಲ. ಆದರೆ ಹೆಚ್ಚಿನವರು ಅದನ್ನು ಮಸಾಲೆಯಂತೆ ಎರಡು ಸೆಕೆಂಡ್ ಉದುರಿಸಿ ಮುಂದೆ ಹೋಗುತ್ತಾರೆ. ಇಲ್ಲಿ ಹಾಗಾಗಿಲ್ಲ. ಡ್ರಮ್ ಮಷಿನ್‌ನ ಸರಳ ತಾಳದ ಮೇಲೆ ಲತಾ ಅವರ ದನಿ ಪೂರ್ತಿ ಸಾಲುಗಳಾಗಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅವರ ಗಮಕಗಳಿಗೆ ಕತ್ತರಿ ಬಿದ್ದಿಲ್ಲ. ದನಿ ಇಲ್ಲದಾಗ ಸಿಂಥಸೈಸರ್ ಆ ಜಾಗವನ್ನು ತುಂಬುವ ಆತುರ ತೋರುವುದಿಲ್ಲ. ಹೊತ್ತಿಗೊಂದು ರಾಗ ಎಂಬ ಪದ್ಧತಿಯನ್ನು ಬಲ್ಲ ನಮ್ಮ ಕಿವಿಗೆ ಬೆಳಗು ಮತ್ತು ಸಂಜೆ ಎಂಬ ವಿಂಗಡಣೆ ಸಹಜವಾಗಿಯೇ ಒಗ್ಗುತ್ತದೆ. ಸಂಜೆಯ ಭಾಗ ಹೆಚ್ಚು ಅಮೂರ್ತ, ಬಹಳ ಹೊತ್ತು ತಾಳವೇ ಇಲ್ಲದೆ ತೇಲಿ ಕೊನೆಯಲ್ಲಿ ಲಯಕ್ಕೆ ಇಳಿಯುತ್ತದೆ. ಇದು ಅವರ ಅತ್ಯಂತ ಜನಪ್ರಿಯ ಕೃತಿಯಲ್ಲ. ನನಗೆ ಮಾತ್ರ ಇದೇ ಅತ್ಯಂತ ಆಪ್ತ.

## ಹಕ್ಕು, ಹಣ, ಕಸುಬು

ಬೇರೆಯವರ ರೆಕಾರ್ಡಿನ ತುಣುಕು ತೆಗೆದು ಬಳಸುವುದು ಕಳವಲ್ಲವೇ?

ಅನುಮತಿ ಇಲ್ಲದೆ ಪ್ರಕಟಿಸಿದರೆ ಕಾನೂನಿನ ತೊಡಕಂತೂ ಬರುತ್ತದೆ. ಒಂದು ಹಾಡಿನಲ್ಲಿ ಎರಡು ಬೇರೆ ಹಕ್ಕುಗಳಿರುತ್ತವೆ ಎಂಬುದು ನೆನಪಿರಲಿ. ರಾಗಸಂಯೋಜನೆ ಮತ್ತು ಸಾಹಿತ್ಯದ ಹಕ್ಕು ಒಂದು, ಆ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡರ ಒಡೆಯರೂ ಒಪ್ಪಬೇಕು. ಮುದ್ರಣದ ಬದಲು ನೀವೇ ಆ ಸಾಲನ್ನು ನುಡಿಸಿ ಬಳಸಿದರೆ ಎರಡನೆಯ ಹಕ್ಕಿನ ಪ್ರಶ್ನೆ ಬರುವುದಿಲ್ಲ, ಮೊದಲನೆಯದು ಹಾಗೆಯೇ ಉಳಿಯುತ್ತದೆ. ನಮ್ಮಲ್ಲಿ ಹಳೆಯ ಚಿತ್ರಗೀತೆಗಳ ಮುದ್ರಣದ ಹಕ್ಕು ಸಾಮಾನ್ಯವಾಗಿ ಆಡಿಯೋ ಕಂಪನಿಯ ಬಳಿ ಇರುತ್ತದೆ. ಗಾಯಕರನ್ನು ಕೇಳಿದರೆ ಸಾಲದು.

ಕಾನೂನಿನ ಆಚೆಗೆ ಕಲೆಯ ಪ್ರಶ್ನೆಯೂ ಇದೆ. ತೆಗೆದುಕೊಂಡ ತುಣುಕಿನಲ್ಲಿ ಮೂಲದವರೇ ಕೇಳದಿದ್ದ ಏನನ್ನೋ ಕೇಳಿಸಿಕೊಳ್ಳುವ ಕಿವಿ ಇದ್ದಾಗ ಮಾತ್ರ ಆ ಕೆಲಸಕ್ಕೆ ಬೆಲೆ.

ತಮ್ಮ ರೆಕಾರ್ಡ್ ಕಂಪನಿಯ ಮೇಲೆಯೇ ಮೊಕದ್ದಮೆ ಹೂಡಿದ್ದರಂತೆ. ಏನಾಯಿತು?

ಹೆಬ್ಡನ್ ಡೊಮಿನೋ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡದ್ದು 2001ರಲ್ಲಿ. ಆಗ ಸ್ಟ್ರೀಮಿಂಗ್ ಎಂಬ ವ್ಯಾಪಾರ ಇರಲಿಲ್ಲ. ಒಪ್ಪಂದದ ಪ್ರಕಾರ ಮಾರಾಟವಾದ ರೆಕಾರ್ಡಿಗೆ 18% ರಾಯಧನ. ಕಂಪನಿ ತಾನೇ ಮಾರದೆ ಬೇರೆಯವರಿಗೆ ಬಳಕೆಯ ಪರವಾನಗಿ ಕೊಟ್ಟರೆ ಬಂದ ಹಣದಲ್ಲಿ ಅರ್ಧ ಭಾಗ ಕಲಾವಿದನಿಗೆ. ಹಾಗಾದರೆ ಸ್ಟ್ರೀಮಿಂಗ್ ಮತ್ತು ಡೌನ್‌ಲೋಡ್ ಯಾವುದಕ್ಕೆ ಸೇರುತ್ತವೆ? ಕಂಪನಿ ಅವುಗಳನ್ನು ಮಾರಾಟದ ಲೆಕ್ಕಕ್ಕೆ ಹಾಕುತ್ತಿತ್ತು. ಒಂದು ತಟ್ಟೆಯನ್ನೂ ಅಚ್ಚು ಹಾಕದೆ, ಗೋದಾಮಿಲ್ಲದೆ, ಲಾರಿಯಿಲ್ಲದೆ ಬರುವ ಹಣ ಪರವಾನಗಿಯ ಹಣವೇ, 50% ಸಿಗಬೇಕು ಎಂಬುದು ಹೆಬ್ಡನ್ ವಾದ. ಈ ವಾದದೊಂದಿಗೆ ಅವರು ಲಂಡನ್ನಿನ ನ್ಯಾಯಾಲಯಕ್ಕೆ ಹೋದರು.

ಮೊಕದ್ದಮೆ ನಡೆಯುತ್ತಿರುವಾಗಲೇ, 2021ರ ನವೆಂಬರ್‌ನಲ್ಲಿ, ಡೊಮಿನೋ ಅವರ ಮೂರು ಆಲ್ಬಂಗಳನ್ನು ಸ್ಟ್ರೀಮಿಂಗ್‌ನಿಂದ ತೆಗೆದುಹಾಕಿತು. 'ಪಾಸ್', 'ರೌಂಡ್ಸ್', 'ಎವೆರಿಥಿಂಗ್ ಎಕ್ಸ್‌ಟ್ಯಾಟಿಕ್' ಕೇಳುಗರಿಗೆ ಸಿಗದಂತಾದವು. ಒಬ್ಬ ಕಲಾವಿದನ ಯೌವನದ ಕೆಲಸವನ್ನು ವ್ಯಾಜ್ಯದ ದಾಳವಾಗಿ ಬಳಸಿದ್ದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. 2022ರ ಜೂನ್‌ನಲ್ಲಿ ರಾಜಿಯಾಯಿತು. 50% ದರಕ್ಕೆ ಕಂಪನಿ ಒಪ್ಪಿತು, ಹಿಂದಿನ ಬಾಕಿಗಾಗಿ 56,921 ಪೌಂಡ್ ಕೊಟ್ಟಿತು, ಆಲ್ಬಂಗಳು ಮರಳಿದವು. ಮೂಲ ಮುದ್ರಣಗಳ ಒಡೆತನ ಮಾತ್ರ ಅವರಿಗೆ ಸಿಗಲಿಲ್ಲ.

ಒಂದು ಎಚ್ಚರಿಕೆ: ಇದು ನ್ಯಾಯಾಲಯದ ತೀರ್ಪಲ್ಲ, ಇಬ್ಬರ ನಡುವಿನ ರಾಜಿ. ಬೇರೆ ಕಲಾವಿದರು ಇದನ್ನು ಪೂರ್ವನಿದರ್ಶನವಾಗಿ ನ್ಯಾಯಾಧೀಶರ ಮುಂದೆ ಇಡಲಾಗದು. ಆದರೂ ಹಳೆಯ ಒಪ್ಪಂದಗಳಿರುವ ಎಷ್ಟೋ ಮಂದಿ ತಮ್ಮ ಕಾಗದಗಳನ್ನು ಮತ್ತೆ ತೆಗೆದು ಓದಲು ಇದು ಕಾರಣವಾಗಿರಬೇಕು.

ನಾನು ಮೊದಲ ಬಾರಿಗೆ ಒಂದು ಆಡಿಯೋ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಬೇಕಿದೆ. ಭಾರತದಲ್ಲಿ ಇಂಥ ಸಮಸ್ಯೆಗೆ ರಕ್ಷಣೆ ಇದೆಯೇ?

ಸ್ವಲ್ಪ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಕ್ಕು ಬರೆದುಕೊಡುವ ಹೊತ್ತಿನಲ್ಲಿ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ ಆ ಬರವಣಿಗೆ ಅನ್ವಯಿಸುವುದಿಲ್ಲ. ಆ ಮಾಧ್ಯಮವನ್ನು ಒಪ್ಪಂದದಲ್ಲಿ ನಿರ್ದಿಷ್ಟವಾಗಿ ಹೆಸರಿಸಿದ್ದರೆ ಮಾತ್ರ ಅನ್ವಯ. ಚಿತ್ರಗೀತೆಯ ಸಾಹಿತಿ ಮತ್ತು ಸಂಗೀತ ಸಂಯೋಜಕರು ಚಿತ್ರಮಂದಿರದ ಪ್ರದರ್ಶನದ ಹೊರತಾದ ಬಳಕೆಗಳ ರಾಯಧನದಲ್ಲಿ ಸಮಪಾಲಿನ ಹಕ್ಕನ್ನು ಬಿಟ್ಟುಕೊಡುವಂತಿಲ್ಲ ಎಂಬ ಅಂಶವೂ ಅದೇ ತಿದ್ದುಪಡಿಯಲ್ಲಿ ಬಂತು. ಆದರೆ ಧ್ವನಿಮುದ್ರಣದ ಒಡೆತನದ ಮಾತು ಬೇರೆ, ಅದು ಬಹುತೇಕ ನೀವು ಸಹಿ ಹಾಕುವ ಕಾಗದದ ಮೇಲೆಯೇ ನಿಂತಿದೆ. ಅವಧಿ ಎಷ್ಟು ವರ್ಷ, ಅವಧಿ ಮುಗಿದ ಮೇಲೆ ಮುದ್ರಣ ಯಾರದು, ಲೆಕ್ಕಪತ್ರ ನೋಡುವ ಹಕ್ಕು ನಿಮಗಿದೆಯೇ ಎಂಬುದನ್ನು ವಕೀಲರ ಜೊತೆ ಕುಳಿತು ಓದಿ. ವಕೀಲರ ಶುಲ್ಕ ಭಾರವೆನಿಸಿದರೂ ಕೊಡಿ.

ದೊಡ್ಡ ಕ್ರೀಡಾಂಗಣಗಳಲ್ಲಿ ನುಡಿಸುವವರನ್ನು ಇನ್ನೂ 'ಇಂಡೀ' ಎನ್ನಬಹುದೇ?

2023ರ ಫೆಬ್ರವರಿಯಲ್ಲಿ ಎಲೆಕ್ಟ್ರಾನಿಕ್ ಸಂಗೀತಗಾರರಾದ ಸ್ಕ್ರಿಲೆಕ್ಸ್ ಮತ್ತು ಫ್ರೆಡ್ ಅಗೇನ್ ಜೊತೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಗಾಯಕ ಫ್ರಾಂಕ್ ಓಷನ್ ಹಿಂದೆ ಸರಿದಾಗ ಅಮೆರಿಕದ ಕೋಚೆಲ್ಲಾ ಸಂಗೀತ ಉತ್ಸವದ ಮುಕ್ತಾಯವನ್ನು ಈ ಮೂವರು ನಡೆಸಿಕೊಟ್ಟರು. ಆದರೂ, 'ಇಂಡೀ' ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಕಲಾವಿದ ಎಂದಾದರೆ, ನನ್ನ ಉತ್ತರ ಹೌದು ಎಂದೇ. 2001ರಲ್ಲಿ ಅವರು ಟೆಕ್ಸ್ಟ್ ಎಂಬ ತಮ್ಮದೇ ಲೇಬಲ್ ಆರಂಭಿಸಿದರು. ಡೊಮಿನೋ ಒಪ್ಪಂದ ಮುಗಿದ ಮೇಲೆ ಬಂದ ಫೋರ್ ಟೆಟ್ ಆಲ್ಬಂಗಳು ಆ ಲೇಬಲ್‌ನಿಂದಲೇ ಬಂದವು. ಯಾವಾಗ ಬಿಡುಗಡೆ ಮಾಡಬೇಕು, ಪ್ರಚಾರ ಬೇಕೇ ಬೇಡವೇ ಎಂಬುದು ಅವರ ಕೈಯಲ್ಲೇ ಇದೆ. 2013ರ ಆರಂಭದಲ್ಲಿ 1997ರಿಂದ 2001ರ ನಡುವಿನ ಅಪ್ರಕಟಿತ ಸಂಗೀತವನ್ನು '0181' ಎಂಬ ಹೆಸರಿನಲ್ಲಿ ಉಚಿತವಾಗಿ ಹಂಚಿದರು. ಜನಸಂದಣಿ ಎಷ್ಟೇ ದೊಡ್ಡದಿದ್ದರೂ ನಿರ್ಧಾರ ಯಾರದು ಎಂಬುದರ ಮೇಲೆ ಸ್ವಾತಂತ್ರ್ಯ ನಿಂತಿದೆ.

ನಾನು ಬೆಂಗಳೂರಿನ ಒಂದು ತಂಡದಲ್ಲಿ ಬಾಸ್, ಕೀಬೋರ್ಡ್ ಎರಡನ್ನೂ ನುಡಿಸುತ್ತೇನೆ. ಒಬ್ಬನೇ ಎಲೆಕ್ಟ್ರಾನಿಕ್ ಸಂಗೀತ ಮಾಡುವ ಆಸೆ. ತಂಡ ಬಿಡಬೇಕೇ?

ಬಿಡಬೇಡಿ, ಕನಿಷ್ಠ ಈಗಲೇ ಬೇಡ. ಹೆಬ್ಡನ್ ಹಾದಿಯಲ್ಲಿ ಅನುಕರಿಸಲು ಯೋಗ್ಯವಾದದ್ದು ಇದೇ: ಎರಡೂ ಕೆಲಸ ವರ್ಷಗಟ್ಟಲೆ ಒಟ್ಟಿಗೆ ನಡೆದವು. ತಂಡದಲ್ಲಿದ್ದಾಗ ನಿಮ್ಮ ರಚನೆಗೆ ತಕ್ಷಣ ಎದುರುತ್ತರ ಸಿಗುತ್ತದೆ, ಒಬ್ಬರೇ ಕುಳಿತಾಗ ಅದು ಸಿಗದು. ಒಂದೇ ಲೂಪ್ (ಸುತ್ತಿ ಸುತ್ತಿ ಬರುವ ತುಣುಕು) ಅನ್ನು ಮತ್ತೆ ಮತ್ತೆ ಕೇಳಿದರೆ ಯಾವ ಕಿವಿಗಾದರೂ ಮಂಕು ಕವಿಯುತ್ತದೆ. ಅದಕ್ಕೆ ಬೇರೆಯವರ ಎದುರು ನುಡಿಸಿ ನೋಡುವ ಜಾಗ ಬೇಕು. ಅವರಿಗೆ ನೆಲಮಾಳಿಗೆಯ ಕ್ಲಬ್ ಸಿಕ್ಕಿತು, ನಿಮಗೆ ಗೆಳೆಯರ ಮನೆಯ ತಾರಸಿಯಾದರೂ ಸರಿ. ನೀವು ನುಡಿಸಿದ ಬಾಸ್ ಸಾಲುಗಳನ್ನೇ ಮುದ್ರಿಸಿಕೊಂಡು ಕತ್ತರಿಸಲು ಶುರು ಮಾಡಿ. ಅನುಮತಿಯ ತೊಂದರೆ ಇರುವುದಿಲ್ಲ, ನಿಮ್ಮ ಬೆರಳಿನ ಗುರುತೂ ಅದರಲ್ಲಿ ಉಳಿಯುತ್ತದೆ.

ಅವರು ಮತ್ತೆ ಗಿಟಾರ್ ಕಡೆಗೆ ಮರಳುವ ಸಾಧ್ಯತೆ ಇದೆಯೇ?

ಒಂದು ರೀತಿಯಲ್ಲಿ ಮರಳಿದ್ದಾರೆ, ಬೇರೊಬ್ಬರ ಗಿಟಾರ್ ಮೂಲಕ. 2025ರಲ್ಲಿ ನ್ಯಾಶ್‌ವಿಲ್‌ನ ಗಿಟಾರ್ ವಾದಕ ವಿಲಿಯಂ ಟೈಲರ್ ಜೊತೆ ಅವರ ಆಲ್ಬಂ ಬಂತು. ಅದರ ಹೆಸರಿನಲ್ಲಿ ಇರುವುದು ಹೆಬ್ಡನ್ ಬೆಳೆದ ಮನೆಯ ವಿಳಾಸ ಮತ್ತು 1980ರ ದಶಕದ ಕೊನೆಯ ವರ್ಷಗಳ ಉಲ್ಲೇಖ. ಆ ದಿನಗಳಲ್ಲಿ ಅಮೆರಿಕದ ಕಂಟ್ರಿ ಮತ್ತು ಜಾನಪದ ಸಂಗೀತವನ್ನು ಅವರು ಕೇಳಿದ್ದು ತಂದೆಯ ರೆಕಾರ್ಡುಗಳಿಂದ. ಆಲ್ಬಂ ಶುರುವಾಗುವುದೇ ಅಮೆರಿಕದ ಗಾಯಕ ಲೈಲ್ ಲವೆಟ್ ಅವರ ಒಂದು ಹಾಡನ್ನು ಹಿಗ್ಗಿಸಿ ನುಡಿಸಿದ 11 ನಿಮಿಷಗಳ ರಚನೆಯಿಂದ. ಟೈಲರ್ ಗಿಟಾರ್ ಮೀಟುತ್ತಾರೆ, ಹೆಬ್ಡನ್ ಆ ನಾದವನ್ನು ಹಿಡಿದು ಕರಗಿಸುತ್ತಾರೆ, ಚದುರಿಸುತ್ತಾರೆ. 'ಮಾರ್ನಿಂಗ್/ಈವ್ನಿಂಗ್' ತಾಯಿಯ ಕಡೆಯ ಸಂಗೀತಕ್ಕೆ ಸಂದ ಆಲ್ಬಂ ಆದರೆ, ಇದು ತಂದೆಯ ಕಡೆಯ ರೆಕಾರ್ಡುಗಳಿಗೆ ಸಂದದ್ದು ಎಂದು ನನ್ನ ಕಿವಿಗೆ ಅನ್ನಿಸುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ ನೋಡಿ.